450 ವಾಟ್ ಎಸ್‌ಎಂಪಿಎಸ್‌ಗೆ ಆರ್‌ಟಿಎಕ್ಸ್ 3060 ಹಾಕಬಹುದಾ?

ಹೊಸನಗರ_ಎಡಿಟರ್:
ಎಲ್ಲರಿಗೂ ನಮಸ್ಕಾರ. ಮದುವೆ, ಉಪನಯನ, ಗೃಹಪ್ರವೇಶದ ವಿಡಿಯೋ ಎಡಿಟ್ ಮಾಡುವುದು ನನ್ನ ಕೆಲಸ. ಈಗಿರುವ ಪಿಸಿ ಐ5-10400, 16 ಜಿಬಿ ರ‍್ಯಾಮ್, ಒಂದು ಎಸ್‌ಎಸ್‌ಡಿ, ಎರಡು ಹಾರ್ಡ್ ಡಿಸ್ಕ್. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. 4ಕೆ ಫೂಟೇಜ್ ಹಾಕಿದರೆ ಟೈಮ್‌ಲೈನ್ ತೆವಳುತ್ತದೆ. ಶಿವಮೊಗ್ಗದಲ್ಲಿ ಪರಿಚಯದವರ ಹತ್ತಿರ 12 ಜಿಬಿಯ ಆರ್‌ಟಿಎಕ್ಸ್ 3060 ಸೆಕೆಂಡ್ ಹ್ಯಾಂಡ್ ಸಿಗುತ್ತಿದೆ. ರೇಟೂ ಕೈಗೆಟುಕುವ ಹಾಗಿದೆ.

ನನ್ನ ಎಸ್‌ಎಂಪಿಎಸ್ (ಪಿಸಿಗೆ ಪವರ್ ಕೊಡುವ ಡಬ್ಬ) ಮೇಲೆ 450 ವಾಟ್ ಅಂತ ದೊಡ್ಡ ಅಕ್ಷರದಲ್ಲಿದೆ. ಎನ್‌ವಿಡಿಯಾದವರು ಈ ಕಾರ್ಡಿಗೆ 550 ವಾಟ್ ಬೇಕು ಅನ್ನುತ್ತಾರೆ. ಒಬ್ಬರು "ಅದೆಲ್ಲ ಸುಮ್ನೆ ಹೆದರಿಸೋದು, ಹಾಕು" ಅಂದರು. ಇನ್ನೊಬ್ಬರು "650 ಇಲ್ಲದೆ ಕಾರ್ಡ್ ಮುಟ್ಟಲೇಬೇಡ" ಅಂದರು. ಯಾರ ಮಾತು ಕೇಳಲಿ? ಯುಪಿಎಸ್ ಕೂಡ ಇದೆ, 600 ವಿಎ. ನಮ್ಮ ಕಡೆಯ ಕರೆಂಟಿನ ಕಥೆ ನಿಮಗೆ ಬೇರೆ ಹೇಳಬೇಕಿಲ್ಲ.

ಭದ್ರಾವತಿ_ಬಾಯ್:
ಹಾಕು ಗುರು, ಏನೂ ಆಗಲ್ಲ. ನನ್ನ ಫ್ರೆಂಡ್ ಲೋಕಲ್ 450 ವಾಟಿನಲ್ಲೇ ಜಿಟಿಎಕ್ಸ್ 1650 ಹಾಕಿಕೊಂಡಿದ್ದಾನೆ. ದಿನಾ ರಾತ್ರಿ ಗೇಮ್. ಇವತ್ತಿನವರೆಗೂ ಒಂದು ಕಂಪ್ಲೇಂಟ್ ಇಲ್ಲ.

ದುರ್ಗಿಗುಡಿ_ರಿಪೇರಿ:
ತಮ್ಮಾ, 1650 ಬೇರೆ, 3060 ಬೇರೆ. 1650ಗೆ ಬೇಕಾದದ್ದು 75 ವಾಟ್. ಅಷ್ಟನ್ನು ಮದರ್‌ಬೋರ್ಡಿನ ಸ್ಲಾಟೇ ಕೊಡುತ್ತದೆ. ಅದಕ್ಕೇ ಆ ಕಾರ್ಡುಗಳಲ್ಲಿ ಹೆಚ್ಚಿನವಕ್ಕೆ ಎಸ್‌ಎಂಪಿಎಸ್‌ನಿಂದ ಬೇರೆ ವೈರ್ ಬೇಕಾಗುವುದಿಲ್ಲ. 3060 ಎಳೆಯುವುದು 170 ವಾಟ್, ಅಂದರೆ ಎರಡು ಪಟ್ಟಿಗಿಂತ ಜಾಸ್ತಿ. ಹೆಚ್ಚಿನ 3060ಗಳಿಗೆ ಒಂದು 8 ಪಿನ್ ಕನೆಕ್ಟರ್ ಬೇಕೇ ಬೇಕು.

ಹೊಸನಗರದವರೇ, 450 ಅನ್ನುವ ನಂಬರ್ ಸದ್ಯಕ್ಕೆ ಮರೆತುಬಿಡಿ. ಸೈಡ್ ಪ್ಯಾನೆಲ್ ತೆಗೆದು ಎಸ್‌ಎಂಪಿಎಸ್ ಮೈಮೇಲಿನ ಲೇಬಲ್ ನೋಡಿ. ಅಲ್ಲಿ ಒಂದು ಕೋಷ್ಟಕ ಇರುತ್ತದೆ. 3.3 ವೋಲ್ಟ್, 5 ವೋಲ್ಟ್, 12 ವೋಲ್ಟ್, ಕೆಳಗೆ ಎಷ್ಟು ಆಂಪ್ ಅಂತ. ಅದನ್ನು ಹಾಗೇ ಇಲ್ಲಿ ಬರೆಯಿರಿ. ಇನ್‌ಪುಟ್ ಅಂತ ಇರುವ ಸಾಲನ್ನೂ ಬರೆಯಿರಿ. 8 ಪಿನ್ ವೈರ್ ಇದೆಯಾ ನೋಡಿ. ಹಿಂಭಾಗದಲ್ಲಿ ಕೆಂಪು ಸ್ವಿಚ್ ಇದೆಯಾ ಅದನ್ನೂ ಹೇಳಿ. ಇದ್ದರೆ ನೋಡಿ ಸಾಕು, ಸರಿಸಬೇಡಿ.

ಹೊಸನಗರ_ಎಡಿಟರ್:
ಲೇಬಲ್‌ನಲ್ಲಿ ಇರುವುದು ಹೀಗೆ ಅಣ್ಣ: 3.3 ವೋಲ್ಟ್ 24 ಆಂಪ್. 5 ವೋಲ್ಟ್ 28 ಆಂಪ್. 12 ವೋಲ್ಟ್ 18 ಆಂಪ್. ಮೈನಸ್ 12 ವೋಲ್ಟ್ 0.5 ಆಂಪ್. 5 ವೋಲ್ಟ್ ಸ್ಟ್ಯಾಂಡ್‌ಬೈ 2 ಆಂಪ್. ಇನ್‌ಪುಟ್ ಕಡೆ 115/230 ಅಂತಿದೆ. ಕೆಂಪು ಸ್ವಿಚ್ ಇದೆ, 230ರಲ್ಲಿದೆ. ಗ್ರಾಫಿಕ್ಸ್ ಕಾರ್ಡಿಗೆ ಅಂತ 8 ಪಿನ್ ಇಲ್ಲ, 6 ಪಿನ್ನೂ ಇಲ್ಲ. ಪ್ರೊಸೆಸರ್ ಹತ್ತಿರ ಹೋಗುವ 4 ಪಿನ್ ಒಂದಿದೆ. ಇದು ಕ್ಯಾಬಿನೆಟ್ ಜೊತೆಗೇ ಬಂದದ್ದು.

ದುರ್ಗಿಗುಡಿ_ರಿಪೇರಿ:
ಉತ್ತರ ಸಿಕ್ಕಿತು ನೋಡಿ. ಪ್ರತಿ ಸಾಲಿನ ವೋಲ್ಟ್ ಅನ್ನು ಅದರ ಆಂಪ್‌ನಿಂದ ಗುಣಿಸಿ. 3.3 ಸಾಲು 79 ವಾಟ್, 5ರ ಸಾಲು 140, 12ರ ಸಾಲು 216, ಮೈನಸ್ 12 ಸಾಲು 6, ಸ್ಟ್ಯಾಂಡ್‌ಬೈ 10. ಎಲ್ಲ ಕೂಡಿಸಿದರೆ 451. 450 ಹುಟ್ಟಿದ್ದು ಹೀಗೆ. ಲೆಕ್ಕ ಸುಳ್ಳಲ್ಲ, ಆದರೆ ನಿಮ್ಮ ಉಪಯೋಗಕ್ಕೆ ಬರುವುದೂ ಅಲ್ಲ.

ಯಾಕೆ ಅಂದರೆ ಈಗಿನ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ಊಟ ಮಾಡುವುದು 12 ವೋಲ್ಟ್ ಸಾಲಿನಿಂದ. 3.3 ಮತ್ತು 5ರಲ್ಲಿ ಎಷ್ಟು ಮಿಕ್ಕಿದ್ದರೂ ಈ ಕಡೆ ಸಾಗಿಸಲು ಆಗುವುದಿಲ್ಲ. ಹಿಂದೆ ಪ್ರೊಸೆಸರ್ 5 ವೋಲ್ಟ್ ಸಾಲಿನಿಂದ ಎಳೆಯುತ್ತಿದ್ದ ಕಾಲವೊಂದಿತ್ತು. ಆ ಕಾಲದ ಡಿಸೈನನ್ನೇ ಇನ್ನೂ ತಿಕ್ಕಿ ತೊಳೆದು ಮಾರುತ್ತಾರೆ. ನಿಮ್ಮ ಹತ್ತಿರ ಇರುವುದು 216 ವಾಟಿನ ಎಸ್‌ಎಂಪಿಎಸ್ ಅಂತ ತಿಳಿದುಕೊಳ್ಳಿ. ಅದೂ ಲೇಬಲ್ ನಿಜ ಹೇಳಿದ್ದರೆ.

ಈಗ ಖರ್ಚಿನ ಕಡೆ. ಕಾರ್ಡ್ 170. 10400ಗೆ ಡಬ್ಬದ ಮೇಲೆ 65 ವಾಟ್ ಅಂತಿದ್ದರೂ ಟರ್ಬೋದಲ್ಲಿ ಸ್ವಲ್ಪ ಹೊತ್ತು 134ರವರೆಗೆ ಹೋಗಲು ಇಂಟೆಲ್ ಬಿಟ್ಟಿದೆ. ಎರಡೂ ಸೇರಿ 304 ವಾಟ್. 12ರಿಂದ ಭಾಗಿಸಿದರೆ 25 ಆಂಪ್ ಚಿಲ್ಲರೆ. ಹಾರ್ಡ್ ಡಿಸ್ಕ್, ಫ್ಯಾನ್ ಸೇರಿಸಿದರೆ 27ರ ಹತ್ತಿರ. ಇರುವುದು 18. ಇಲ್ಲಿ ಚರ್ಚೆಗೆ ಜಾಗವೇ ಇಲ್ಲ.

ಭದ್ರಾವತಿ_ಬಾಯ್:
ಸರಿ ಅಣ್ಣ, ಆದರೆ ಎಡಿಟಿಂಗ್ ಮಾಡುವಾಗ ಎರಡೂ ಒಟ್ಟಿಗೆ ಫುಲ್ ಲೋಡ್ ಆಗುವುದು ಅಪರೂಪ ಅಲ್ವಾ? 8 ಪಿನ್‌ಗೆ ಅಡಾಪ್ಟರ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ಹಾರ್ಡ್ ಡಿಸ್ಕಿಗೆ ಹೋಗುವ ಸಾಟಾ ಪವರ್ ವೈರಿನಿಂದ 8 ಪಿನ್ ಮಾಡಿಕೊಡುವುದು.

ದುರ್ಗಿಗುಡಿ_ರಿಪೇರಿ:
ಅಪರೂಪ ಅನ್ನುವುದು ನಿಜ. ಎಕ್ಸ್‌ಪೋರ್ಟ್ ಹಾಕಿದಾಗ ಮಾತ್ರ ಆ ಅಪರೂಪ ಬರುತ್ತದೆ. ಮಾರನೇ ದಿನ ಪಾರ್ಟಿಗೆ ಪೆನ್‌ಡ್ರೈವ್ ಕೊಡಬೇಕಾದ ರಾತ್ರಿ.

ಅಡಾಪ್ಟರ್ ವಿಷಯ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಸಾಟಾ ಪವರ್ ಕನೆಕ್ಟರಿನಲ್ಲಿ 12 ವೋಲ್ಟಿಗೆ ಮೂರು ಪಿನ್. ಒಂದೊಂದು ಪಿನ್ ತಡೆಯುವುದು 1.5 ಆಂಪ್. ಒಟ್ಟು 4.5 ಆಂಪ್, ಅಂದರೆ 54 ವಾಟ್. 8 ಪಿನ್ ಕನೆಕ್ಟರ್ 150 ವಾಟಿನವರೆಗೆ ಕೇಳಬಹುದು. ಆ ವೈರ್ ಏನು ಮಾಡಬೇಕು ಹೇಳಿ? ಅಂಗಡಿಗೆ ಇಂಥ ಪಿಸಿ ಬರುತ್ತಲೇ ಇರುತ್ತವೆ. ಸಾಟಾ ಪ್ಲಗ್ಗಿನ ಕಪ್ಪು ಪ್ಲಾಸ್ಟಿಕ್ ಒಂದು ಮೂಲೆಯಲ್ಲಿ ಕಂದು ಬಣ್ಣಕ್ಕೆ ತಿರುಗಿರುತ್ತದೆ, ಪಿನ್ ಒಳಕ್ಕೆ ಓರೆಯಾಗಿ ಕೂತಿರುತ್ತದೆ, ಎಳೆದರೆ ಪ್ಲಗ್ ಹಾರ್ಡ್ ಡಿಸ್ಕಿನ ಬಾಯನ್ನೂ ಕಿತ್ತುಕೊಂಡು ಬರುತ್ತದೆ. ಎಸ್‌ಎಂಪಿಎಸ್‌ನಲ್ಲೇ 8 ಪಿನ್ ಕೊಟ್ಟಿಲ್ಲ ಅಂದರೆ, ಅಂಥ ಕಾರ್ಡ್ ತನಗಾಗದು ಅಂತ ಅದೇ ಹೇಳುತ್ತಿದೆ ಅಂತ ಅರ್ಥ.

ಇನ್ನೊಂದು ಮಾತು. ಪ್ರೊಸೆಸರಿಗೆ ಹೋಗುವ 8 ಪಿನ್ ಮತ್ತು ಗ್ರಾಫಿಕ್ಸ್ ಕಾರ್ಡಿನ 8 ಪಿನ್ ನೋಡಲು ಅಣ್ಣ ತಮ್ಮ. ಆದರೆ 12 ವೋಲ್ಟ್ ಮತ್ತು ಗ್ರೌಂಡ್ ಅದಲು ಬದಲು. ಕೂರುತ್ತಿಲ್ಲ ಅಂತ ಒತ್ತಿ ತುರುಕುವವರು ಇದ್ದಾರೆ. ದಯವಿಟ್ಟು ಬೇಡ.

ಸಾಗರ_ಅಡಿಕೆ_ಆಂಪ್:
ರಿಪೇರಿಯಣ್ಣ ಹೇಳಿದ ಲೆಕ್ಕ ಸರಿ. ನಾನು ಗೋಡೆಯ ಕಡೆಯಿಂದ ಬರುತ್ತೇನೆ. ನಮ್ಮ ಮಲೆನಾಡಲ್ಲಿ ಅದೂ ಅಷ್ಟೇ ಮುಖ್ಯ.

ಕೆಂಪು ಸ್ವಿಚ್ ಇರುವ ಎಸ್‌ಎಂಪಿಎಸ್ ಅಂದರೆ ಹಳೇ ಕಾಲದ್ದು, ಆಕ್ಟಿವ್ ಪಿಎಫ್‌ಸಿ (ಗೋಡೆಯ ಕರೆಂಟನ್ನು ಹದವಾಗಿ ಎಳೆಯುವ ಸರ್ಕ್ಯೂಟ್) ಇಲ್ಲದ್ದು. ಆ ಸ್ವಿಚ್ ತಪ್ಪಿ 115ಕ್ಕೆ ಹೋಯಿತು ಅಂದರೆ ನಮ್ಮ 230 ವೋಲ್ಟಿಗೆ ಪಟಾಕಿ ಗ್ಯಾರಂಟಿ. ಮಕ್ಕಳಿರುವ ಮನೆಯಲ್ಲಿ ಅದರ ಮೇಲೆ ಟೇಪ್ ಹಚ್ಚಿಡಿ. ಇನ್ನು ವೋಲ್ಟೇಜ್. ಸಂಜೆ ಹೊತ್ತು, ಅಡಿಕೆ ಸುಲಿಯುವ ಮೆಷಿನ್, ತೋಟದ ಪಂಪು ಎಲ್ಲ ಒಟ್ಟಿಗೆ ಶುರುವಾದಾಗ ನಮ್ಮನೆಯಲ್ಲಿ ಮೀಟರ್ 180 ತೋರಿಸಿದ್ದೂ ಇದೆ. ಪಕ್ಕದ ಲಿಂಗನಮಕ್ಕಿ ನೀರಲ್ಲಿ 1035 ಮೆಗಾವಾಟ್ ಶರಾವತಿ ಸ್ಟೇಷನ್ ನಡೆಯುತ್ತದೆ, ನಮ್ಮ ಜಗಲಿಯ ಬಲ್ಬು ಮಿಣಿ ಮಿಣಿ. ಇರಲಿ.

ಹೊಸದು ತಗೊಳ್ಳುವಾಗ ಲೇಬಲ್‌ನಲ್ಲಿ ಇನ್‌ಪುಟ್ ಸಾಲು ಓದಿ. 100-240 ಅಂತ ಇದ್ದರೆ ವೋಲ್ಟೇಜ್ 100ರವರೆಗೆ ಇಳಿದರೂ ಅದು ಆರಾಮಾಗಿ ನಡೆಯುತ್ತದೆ, ಸ್ವಲ್ಪ ಜಾಸ್ತಿ ಕರೆಂಟ್ ಎಳೆದುಕೊಳ್ಳುತ್ತದೆ ಅಷ್ಟೇ. ಪ್ರತ್ಯೇಕ ಸ್ಟೆಬಿಲೈಸರ್ ಬೇಕಿಲ್ಲ. ಕೆಲವು ಮಾದರಿಗಳಲ್ಲಿ 200-240 ಅಂತ ಮಾತ್ರ ಇರುತ್ತದೆ. ಬೆಲೆ ಸ್ವಲ್ಪ ಕಡಿಮೆ. ಪೇಟೆಯವರಿಗೆ ಅದು ಸಾಕು. ಹಳ್ಳಿ ಮನೆಗೆ ನಾನಂತೂ ಅದನ್ನು ಹೇಳುವುದಿಲ್ಲ.

ಹೊಸನಗರ_ಎಡಿಟರ್:
ಇದು ಯಾರೂ ಹೇಳಿರಲಿಲ್ಲ. ಹಾಗಾದರೆ ಎಷ್ಟು ವಾಟಿನದ್ದು ತಗೊಳ್ಳಲಿ? 80 ಪ್ಲಸ್ ಬ್ರಾಂಜ್ ಅಂತ ಇದ್ದರೆ ಕಣ್ಣು ಮುಚ್ಚಿ ತಗೊಳ್ಳಬಹುದಾ?

ದುರ್ಗಿಗುಡಿ_ರಿಪೇರಿ:
ಕಣ್ಣು ಮುಚ್ಚಿ ಯಾವುದನ್ನೂ ತಗೊಳ್ಳಬೇಡಿ. 80 ಪ್ಲಸ್ ಅನ್ನುವುದು ಗೋಡೆಯಿಂದ ಎಳೆದ ಕರೆಂಟಿನಲ್ಲಿ ಎಷ್ಟು ಭಾಗ ಪಿಸಿಗೆ ತಲುಪುತ್ತದೆ ಅನ್ನುವುದರ ಅಳತೆ. ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಬ್ರಾಂಜ್ ಆದರೆ ಅರ್ಧ ಲೋಡಿನಲ್ಲಿ 85 ಶೇಕಡಾ. ವೋಲ್ಟೇಜ್ ಎಷ್ಟು ಸ್ಥಿರ, ಶಾರ್ಟ್ ಆದರೆ ಸರಿಯಾಗಿ ಕಟ್ ಆಗುತ್ತದಾ, ಒಳಗಿನ ಕೆಪಾಸಿಟರ್ ಎಂಥದ್ದು ಅಂತ ಅದು ಹೇಳುವುದಿಲ್ಲ. ಆದರೂ ಈ ಚೀಟಿ ಇರುವವು ಕ್ಯಾಬಿನೆಟ್ ಜೊತೆ ಬರುವ ಡಬ್ಬಕ್ಕಿಂತ ಎಷ್ಟೋ ಮೇಲು.

ನಿಮಗೆ ಒಳ್ಳೆಯ 550 ಸಾಕು. ಲೇಬಲ್‌ನಲ್ಲಿ 12 ವೋಲ್ಟಿಗೆ 42 ಆಂಪ್ ಅಥವಾ ಅದಕ್ಕಿಂತ ಮೇಲೆ ಇರಬೇಕು. 42 ಅಂದರೆ 504 ವಾಟ್. ನಿಮ್ಮ ಪೂರ್ತಿ ಲೋಡ್ 350ರ ಆಸುಪಾಸು. ಸ್ವಲ್ಪ ಜಾಗ ಉಳಿಯಬೇಕು, ಯಾಕೆ ಅಂದರೆ ಈ ಕಾರ್ಡುಗಳು ಮಿಲಿಸೆಕೆಂಡುಗಳ ಲೆಕ್ಕದಲ್ಲಿ ತಮ್ಮ ಮಿತಿ ಮೀರಿ ಒಮ್ಮೆಲೇ ಎಳೆಯುತ್ತವೆ. ಸರಾಸರಿ 170 ಇದ್ದರೂ ಆ ಜಿಗಿತ ಮೇಲಕ್ಕೆ ಹೋಗುತ್ತದೆ. ಬಡಕಲು ಎಸ್‌ಎಂಪಿಎಸ್ ಅಲ್ಲಿ ಟ್ರಿಪ್ ಆಗುತ್ತದೆ. ನೀಲಿ ಸ್ಕ್ರೀನೂ ಇಲ್ಲ, ಎಚ್ಚರಿಕೆಯೂ ಇಲ್ಲ, ಪಿಸಿ ಠಪ್ ಅಂತ ಆಫ್. ಇವೆಂಟ್ ವ್ಯೂವರ್‌ನಲ್ಲಿ ನೋಡಿದರೆ ಕರ್ನಲ್ ಪವರ್ 41 ಅಂತ ಒಂದು ಸಾಲು. ಪವರ್ ಹಠಾತ್ತಾಗಿ ಹೋಯಿತು ಅನ್ನುವುದಷ್ಟೇ ಅದರ ಅರ್ಥ. ಅದನ್ನು ನೋಡಿ ವಿಂಡೋಸ್ ಮತ್ತೆ ಹಾಕಿಸಿಕೊಂಡವರು ಎಷ್ಟು ಜನವೋ.

650 ತಗೊಂಡರೆ ತಪ್ಪೇನಿಲ್ಲ. ಮುಂದೆ ದೊಡ್ಡ ಕಾರ್ಡ್ ಹಾಕುವ ಆಸೆ ಇದ್ದರೆ ತಗೊಳ್ಳಿ. ವಾಟ್ ಜಾಸ್ತಿ ಇದ್ದ ಮಾತ್ರಕ್ಕೆ ಕರೆಂಟ್ ಬಿಲ್ ಜಾಸ್ತಿ ಬರುವುದಿಲ್ಲ, ಈ ಪ್ರಶ್ನೆ ಅಂಗಡಿಯಲ್ಲಿ ದಿನಾ ಬರುತ್ತದೆ. ಪಿಸಿ ಕೇಳಿದಷ್ಟೇ ಅದು ಕೊಡುವುದು.

ಭದ್ರಾವತಿ_ಬಾಯ್:
ಅಣ್ಣ, ಹೊಸ 4060 ಬೆಟರ್ ಅಲ್ವಾ? ಅದು 115 ವಾಟ್ ಅಷ್ಟೇ.

ದುರ್ಗಿಗುಡಿ_ರಿಪೇರಿ:
ಒಳ್ಳೆಯ ಪ್ರಶ್ನೆ. 55 ವಾಟ್ ಕಡಿಮೆ, ಗೇಮ್‌ನಲ್ಲಿ ವೇಗವೂ ಜಾಸ್ತಿ. ಗೇಮ್ ಮಾತ್ರ ಆಡುವವರಿಗೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಅದರಲ್ಲಿ 8 ಜಿಬಿ ಮೆಮೊರಿ. 4ಕೆ ಟೈಮ್‌ಲೈನ್ ಮೇಲೆ ಎಫೆಕ್ಟ್ ಪೇರಿಸುತ್ತಾ ಹೋದರೆ 12 ಜಿಬಿ ಉಪಯೋಗಕ್ಕೆ ಬರುತ್ತದೆ. ಜೊತೆಗೆ 4060 ಬಳಸುವುದು 8 ಲೇನ್, ಅಂದರೆ ಪ್ರೊಸೆಸರ್ ಮತ್ತು ಕಾರ್ಡ್ ನಡುವೆ ಡೇಟಾ ಓಡುವ ದಾರಿಗಳು. 10400 ಇರುವುದು ಪಿಸಿಐಇ 3.0ರಲ್ಲಿ, ಅಂದರೆ ಆ ದಾರಿಯ ಹಳೇ ತಲೆಮಾರಿನಲ್ಲಿ. ಹಾಗಾಗಿ ಆ ದಾರಿ ಸ್ವಲ್ಪ ಇಕ್ಕಟ್ಟು. 3060 ಪೂರ್ತಿ 16 ಲೇನ್ ಬಳಸುತ್ತದೆ. ಇವರ ಕೆಲಸಕ್ಕೆ 3060 ಸರಿ. ಸೆಕೆಂಡ್ ಹ್ಯಾಂಡ್ ಆದ್ದರಿಂದ ಕೊಡುವವರ ಮನೆಯಲ್ಲೇ ಅರ್ಧ ಗಂಟೆ ಲೋಡ್ ಹಾಕಿ ನೋಡಿ, ಎರಡೂ ಫ್ಯಾನ್ ತಿರುಗುತ್ತವಾ, ಗೆರೆಗಿರೆ ಬರುತ್ತದಾ ಅಂತ.

ಸಹ್ಯಾದ್ರಿ_ಹಾಸ್ಟೆಲ್:
ಮಧ್ಯೆ ಬಂದೆ, ಕ್ಷಮಿಸಿ. ನನ್ನದು ಆಫೀಸ್‌ನಿಂದ ಬಂದ ಹಳೇ ಬ್ರಾಂಡೆಡ್ ಪಿಸಿ, ಸಣ್ಣ ಕ್ಯಾಬಿನೆಟ್. ಎಸ್‌ಎಂಪಿಎಸ್ 240 ವಾಟ್. ಆದರೆ ಲೇಬಲ್‌ನಲ್ಲಿ ಪೂರ್ತಿ 12 ವೋಲ್ಟೇ ಇದೆ. ಇದಕ್ಕೂ ಹೊಸ 550 ಹಾಕಿ ಕಾರ್ಡ್ ಹಾಕಬಹುದಾ?

ದುರ್ಗಿಗುಡಿ_ರಿಪೇರಿ:
ನೋಡಿ, ನಿಮ್ಮ 240 ಅವರ 450ಕ್ಕಿಂತ ಗಟ್ಟಿ! ಆದರೆ ಅಂಥ ಪಿಸಿಗಳಲ್ಲಿ ಎಸ್‌ಎಂಪಿಎಸ್ ಆಕಾರ ಬೇರೆ, ಮದರ್‌ಬೋರ್ಡಿನ ಕನೆಕ್ಟರ್ ಕೂಡ ಎಷ್ಟೋ ಕಡೆ 24 ಪಿನ್ ಇರುವುದಿಲ್ಲ. ಮಾಮೂಲಿ ಎಸ್‌ಎಂಪಿಎಸ್ ಅದರೊಳಗೆ ಕೂರುವುದಿಲ್ಲ. ವೈರ್ ಬೇಡದ ಕಾರ್ಡ್ ನೋಡಿ. 75 ವಾಟಿನ 1650, ಇಲ್ಲ ಅಂದರೆ 70 ವಾಟಿನ ಆರ್‌ಟಿಎಕ್ಸ್ 3050 6 ಜಿಬಿ. 3050ರಲ್ಲಿ 8 ಜಿಬಿಯದ್ದು ಬೇರೆ, ಅದು 130 ವಾಟ್, ಗೊಂದಲ ಮಾಡಿಕೊಳ್ಳಬೇಡಿ. ಗಿಡ್ಡ ಬ್ರಾಕೆಟ್‌ನದ್ದೇ ಬೇಕಾಗುತ್ತದೆ. ಕೆಲವು ಸಣ್ಣ ಮಾದರಿಗಳ ಸ್ಲಾಟ್ ಪೂರ್ತಿ 75 ವಾಟ್ ಕೊಡುವುದಿಲ್ಲ, ಮ್ಯಾನುಯಲ್‌ನಲ್ಲಿ ಒಮ್ಮೆ ನೋಡಿಕೊಳ್ಳಿ.

ಆಗುಂಬೆ_ಮಳೆ:
ನಾನು ಮನೆಯಿಂದಲೇ ಡಿಸೈನ್ ಕೆಲಸ ಮಾಡುವವಳು. ರೈಜನ್ 5 5600, ಆರ್‌ಎಕ್ಸ್ 6600. ಗೋಡೆಗೆ ಸಿಕ್ಕಿಸುವ ವಾಟ್ ಮೀಟರ್ ಇದೆ. ಜೋರು ಕೆಲಸ ಕೊಟ್ಟಾಗ 220 ರಿಂದ 240 ವಾಟ್ ತೋರಿಸುತ್ತದೆ. ಈ ಮೀಟರ್ ಇದ್ದರೆ ಅರ್ಧ ವಾದ ಮುಗಿಯುತ್ತದೆ. ಅದು ತೋರಿಸುವುದು ಗೋಡೆಯ ಲೆಕ್ಕ. ಎಸ್‌ಎಂಪಿಎಸ್ ಒಳಗಿಂದ ಕೊಡುವುದು ಅದರ 85 ಶೇಕಡಾ ಅಂದುಕೊಳ್ಳಿ.

ನಮ್ಮ ಕಡೆ ಇನ್ನೊಂದು ಕಾಟ ಇದೆ, ಥಂಡಿ. ಆಷಾಢ, ಶ್ರಾವಣದಲ್ಲಿ ಪಿಸಿಯನ್ನು ವಾರಗಟ್ಟಲೆ ಆಫ್ ಇಡಬೇಡಿ. ದಿನಕ್ಕೆ ಸ್ವಲ್ಪ ಹೊತ್ತು ಓಡಿಸಿದರೆ ಒಳಗೆ ಬೆಚ್ಚಗಿರುತ್ತದೆ. ಧೂಳಿನ ಮೇಲೆ ಪಸೆ ಕೂತರೆ ಎಸ್‌ಎಂಪಿಎಸ್ ಒಳಗೆ ಶಾರ್ಟ್ ಆಗಬಹುದು. ಇರುವೆ, ಹಲ್ಲಿ ಬೇರೆ. ಬೆಚ್ಚಗಿದೆ ಅಂತ ಬಂದು ಅಲ್ಲೇ ಸಂಸಾರ ಹೂಡುತ್ತವೆ.

ಸಾಗರ_ಅಡಿಕೆ_ಆಂಪ್:
ಅಕ್ಕ ಹೇಳಿದ್ದು ನಿಜ. ಹಾಗಂತ ಯಾರೂ ಎಸ್‌ಎಂಪಿಎಸ್ ಬಿಚ್ಚಿ ಕ್ಲೀನ್ ಮಾಡಲು ಹೋಗಬೇಡಿ. ಒಳಗಿನ ದೊಡ್ಡ ಕೆಪಾಸಿಟರ್ 300 ವೋಲ್ಟಿಗೂ ಮೇಲೆ ಹಿಡಿದಿಟ್ಟುಕೊಂಡಿರುತ್ತದೆ. ಪ್ಲಗ್ ತೆಗೆದ ಮೇಲೂ ಹೊಡೆಯಬಹುದು. ಹೊರಗಿನಿಂದ ಬ್ಲೋವರ್ ಹಿಡಿಯಿರಿ ಸಾಕು.

ಅರ್ತ್ ನೋಡಿಕೊಂಡಿದ್ದೀರಾ ಹೊಸನಗರದವರೇ? ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ ಮುಟ್ಟಿದರೆ ಜುಂ ಅನ್ನುತ್ತದೆಯಾ? ಅನ್ನುತ್ತದೆ ಅಂದರೆ ಅರ್ತ್ ಇಲ್ಲ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಅರ್ತ್‌ಗೆ ಸೇರಿರುತ್ತವೆ. ಅರ್ತ್ ಬಿಟ್ಟುಹೋಗಿದ್ದರೆ ಕ್ಯಾಬಿನೆಟ್ ಮೈಗೆ ಸುಮಾರು ಅರ್ಧ ವೋಲ್ಟೇಜ್ ಬಂದು ಕೂರುತ್ತದೆ. ಮಲ್ಟಿಮೀಟರ್ ಇದ್ದರೆ ಸಾಕೆಟ್‌ನಲ್ಲಿ ಫೇಸ್‌ಗೂ ಅರ್ತ್‌ಗೂ ನಡುವೆ ನೋಡಿ, 230ರ ಹತ್ತಿರ ಬರಬೇಕು. ನ್ಯೂಟ್ರಲ್‌ಗೂ ಅರ್ತ್‌ಗೂ ನಡುವೆ ಎರಡು ಮೂರು ವೋಲ್ಟ್ ಇದ್ದರೆ ಸರಿ. ಅಭ್ಯಾಸ ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ. ಜಂಬಿಟ್ಟಿಗೆ ನೆಲ ಆದರೆ ಬೇಸಿಗೆಯಲ್ಲಿ ಅರ್ತ್ ಗುಂಡಿಗೆ ನೀರು ಹಾಕಬೇಕಾಗುತ್ತದೆ, ಒಣಗಿದರೆ ಅರ್ತ್ ಇದ್ದೂ ಇಲ್ಲದ ಹಾಗೆ.

ಹೊಸನಗರ_ಎಡಿಟರ್:
ಜುಂ ಅನ್ನುತ್ತಿತ್ತು! ಕಂಪ್ಯೂಟರ್ ಅಂದರೆ ಹಾಗೇ ಇರಬೇಕು ಅಂತ ಮನೆಯವರೆಲ್ಲ ಅಂದುಕೊಂಡಿದ್ದೆವು. ಸಾಕೆಟ್ ಬಿಚ್ಚಿಸಿ ನೋಡಿದರೆ ಅರ್ತ್ ವೈರೇ ಕೂಡಿಸಿರಲಿಲ್ಲ. ಸರಿ ಮಾಡಿಸಿದೆ. ನೆಹರು ರೋಡಿನಲ್ಲಿ ವಿಚಾರಿಸಿ 550 ಬ್ರಾಂಜ್ ತಂದೆ. ಇನ್‌ಪುಟ್ 100-240, 12 ವೋಲ್ಟಿಗೆ 45 ಆಂಪ್, ಎರಡು 8 ಪಿನ್. ಕೈಯಲ್ಲಿ ಹಿಡಿದಾಗಲೇ ವ್ಯತ್ಯಾಸ ಗೊತ್ತಾಗುತ್ತದೆ, ಹಳೆಯದು ಖಾಲಿ ಡಬ್ಬದ ಹಾಗಿತ್ತು. ಹೊಸದರ ವೈರ್ ಮೇಲೆ 18 ಎಡಬ್ಲ್ಯೂಜಿ ಅಂತ ಪ್ರಿಂಟ್ ಇದೆ, ಹಳೆಯದರಲ್ಲಿ 22. ಕಾರ್ಡ್ ಕೂರಿಸಿದೆ. ಸ್ಟ್ರೆಸ್ ಟೆಸ್ಟ್ ಹೇಗೆ ಮಾಡಬೇಕು?

ದುರ್ಗಿಗುಡಿ_ರಿಪೇರಿ:
22 ಎಡಬ್ಲ್ಯೂಜಿ ಅಂದರೆ ತೆಳು ವೈರ್. ನಂಬರ್ ದೊಡ್ಡದಾದಷ್ಟೂ ವೈರ್ ಸಣ್ಣ. ತೆಗೆದದ್ದು ಒಳ್ಳೆಯದಾಯಿತು.

ಟೆಸ್ಟ್ ಹೀಗೆ. ಪಿಸಿಯ ವೋಲ್ಟೇಜ್ ತೋರಿಸುವ ಎಚ್‌ಡಬ್ಲ್ಯೂಇನ್ಫೋ ಸಾಫ್ಟ್‌ವೇರ್ ತೆರೆದಿಡಿ. ಮೊದಲು ಪ್ರೊಸೆಸರಿಗೆ ಲೋಡ್ ಹಾಕುವ ಸಿನೆಬೆಂಚ್ ಮಾತ್ರ, ಆಮೇಲೆ ಕಾರ್ಡಿಗೆ ಲೋಡ್ ಹಾಕುವ ಫರ್‌ಮಾರ್ಕ್ ಮಾತ್ರ, ಕೊನೆಗೆ ಎರಡೂ ಒಟ್ಟಿಗೆ. 12 ವೋಲ್ಟ್ ರೀಡಿಂಗ್ ನೋಡುತ್ತಿರಿ. 11.4 ರಿಂದ 12.6ರ ಒಳಗೆ ಇರಬೇಕು, ಅದು ಎಟಿಎಕ್ಸ್ ನಿಯಮ. ಸಾಫ್ಟ್‌ವೇರ್ ತೋರಿಸುವುದು ಬೋರ್ಡಿನ ಸೆನ್ಸರ್ ಲೆಕ್ಕ, ಅಷ್ಟು ನಿಖರ ಅಲ್ಲ. ಅನುಮಾನ ಬಂದರೆ ಖಾಲಿ ಇರುವ ನಾಲ್ಕು ಪಿನ್ನಿನ ಮೊಲೆಕ್ಸ್ ಪ್ಲಗ್ಗಿನ ಹಳದಿ ಮತ್ತು ಕಪ್ಪು ಪಿನ್‌ಗೆ ಮಲ್ಟಿಮೀಟರ್ ಹಿಡಿಯಿರಿ. ಹಸಿರು ವೈರಿಗೆ ಪೇಪರ್ ಕ್ಲಿಪ್ ಹಾಕಿ ಫ್ಯಾನ್ ತಿರುಗಿತು, ಎಸ್‌ಎಂಪಿಎಸ್ ಚೆನ್ನಾಗಿದೆ ಅನ್ನುವವರ ಮಾತು ಕೇಳಬೇಡಿ. ಲೋಡ್ ಇಲ್ಲದೆ ಎಲ್ಲವೂ ಚೆನ್ನಾಗಿಯೇ ಇರುತ್ತದೆ.

ಹೊಸನಗರ_ಎಡಿಟರ್:
ಎರಡೂ ಒಟ್ಟಿಗೆ ಹಾಕಿದೆ. ಮೀಟರಿನಲ್ಲಿ 11.9 ಕ್ಕಿಂತ ಕೆಳಗೆ ಬರಲಿಲ್ಲ. ಪಿಸಿ ಅಲ್ಲಾಡಲಿಲ್ಲ. ಆದರೆ ಯುಪಿಎಸ್ ಕಿರುಚಲು ಶುರು ಮಾಡಿತು. ಲೋಡ್ ತೆಗೆದರೆ ಸುಮ್ಮನಾಗುತ್ತದೆ. ಈಗ ಇದೆಂತ?

ಸಾಗರ_ಅಡಿಕೆ_ಆಂಪ್:
ನಾನು ಇದಕ್ಕೇ ಕಾಯುತ್ತಿದ್ದೆ ಮಾರಾಯ್ರೆ. 600 ವಿಎ ಅಂದರೆ 600 ವಾಟ್ ಅಲ್ಲ. ಹಿಂಭಾಗದಲ್ಲಿ ಸಣ್ಣದಾಗಿ 360 ವಾಟ್ ಅಂತ ಇರುತ್ತದೆ, ನೋಡಿ. ಪಿಸಿ ಒಳಗೆ 350 ಖರ್ಚಾದರೆ ಗೋಡೆಯಿಂದ 410ರ ಹತ್ತಿರ ಎಳೆಯುತ್ತದೆ. ಮಾನಿಟರ್ ಬೇರೆ. ಓವರ್‌ಲೋಡ್ ಆಗಿದೆ. ಕರೆಂಟ್ ಇರುವಾಗ ಕಿರುಚುತ್ತದೆ ಅಷ್ಟೇ, ಹೋದ ಕ್ಷಣ ಬ್ಯಾಟರಿಗೆ ತಡೆಯಲಾಗದೆ ಎಲ್ಲ ಆಫ್. ಸರಿಯಾದ ದಾರಿ ಅಂದರೆ 1000 ವಿಎ, 600 ವಾಟಿನದ್ದು.

ಮನೆಯ ಇನ್ವರ್ಟರ್‌ಗೆ ಕೊಡುತ್ತೇನೆ ಅಂದರೆ ಅದು ಸೈನ್ ವೇವ್ ಆಗಿರಬೇಕು, ಸ್ವಿಚ್ ಯುಪಿಎಸ್ ಮೋಡ್‌ನಲ್ಲಿ ಇರಬೇಕು. ನಾರ್ಮಲ್ ಮೋಡ್‌ನಲ್ಲಿ ಬ್ಯಾಟರಿಗೆ ಬದಲಾಗಲು ತಡ ಮಾಡುತ್ತದೆ. ಕರೆಂಟ್ ಹೋದ ಮೇಲೆ ಎಸ್‌ಎಂಪಿಎಸ್ ತನ್ನೊಳಗಿನ ಶಕ್ತಿಯಲ್ಲಿ ಪಿಸಿಯನ್ನು ಹಿಡಿದಿಡುವುದು ಪೂರ್ತಿ ಲೋಡಿನಲ್ಲಿ 16, 17 ಮಿಲಿಸೆಕೆಂಡ್. ಅದರೊಳಗೆ ಬದಲಾಗದಿದ್ದರೆ ರೀಸ್ಟಾರ್ಟ್. ಸ್ಕ್ವೇರ್ ವೇವ್ ಹಳೇ ಇನ್ವರ್ಟರ್ ಆದರೆ ಆಕ್ಟಿವ್ ಪಿಎಫ್‌ಸಿ ಇರುವ ಹೊಸ ಎಸ್‌ಎಂಪಿಎಸ್‌ಗೆ ಆಗಿಬರುವುದಿಲ್ಲ.

ಹೊಸನಗರ_ಎಡಿಟರ್:
ಈ ತಿಂಗಳು ಇನ್ನೊಂದು ಖರ್ಚು ಆಗುವುದಿಲ್ಲ ಅಣ್ಣ. ಅಲ್ಲಿಯವರೆಗೆ ಏನಾದರೂ ಉಪಾಯ?

ಆಗುಂಬೆ_ಮಳೆ:
ಇದೆ. ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನುವ ಸಾಫ್ಟ್‌ವೇರ್ ಹಾಕಿಕೊಳ್ಳಿ, ಬೇರೆ ಕಂಪನಿ ಕಾರ್ಡಿಗೂ ನಡೆಯುತ್ತದೆ. ಪವರ್ ಲಿಮಿಟ್ 75 ಶೇಕಡಾಕ್ಕೆ ಇಳಿಸಿ. 170 ಇದ್ದದ್ದು 127 ಆಗುತ್ತದೆ. ವೇಗ ಅಷ್ಟೇ ಪ್ರಮಾಣದಲ್ಲಿ ಇಳಿಯುವುದಿಲ್ಲ, ಎಕ್ಸ್‌ಪೋರ್ಟ್‌ನಲ್ಲಿ ಹೆಚ್ಚು ವ್ಯತ್ಯಾಸ ಗೊತ್ತೇ ಆಗಲಿಕ್ಕಿಲ್ಲ. ಬಯೋಸ್‌ನಲ್ಲಿ ಪ್ರೊಸೆಸರ್‌ನ ಲಾಂಗ್ ಮತ್ತು ಶಾರ್ಟ್ ಪವರ್ ಲಿಮಿಟ್ ಎರಡನ್ನೂ 65ಕ್ಕೆ ಇಡಿ. ಎರಡನೇ ಹಾರ್ಡ್ ಡಿಸ್ಕ್ ಬ್ಯಾಕಪ್‌ಗೆ ಮಾತ್ರ ಅಂದರೆ ಅದರ ಪವರ್ ತೆಗೆದಿಡಿ. ಪ್ರಿಂಟರ್, ಸ್ಪೀಕರ್ ಏನಾದರೂ ಯುಪಿಎಸ್‌ಗೆ ಸಿಕ್ಕಿಸಿದ್ದರೆ ಮೊದಲು ಕೀಳಿ.

ಹೊಸನಗರ_ಎಡಿಟರ್:
ಮಾಡಿದೆ ಅಕ್ಕ. ಕಿರುಚುವುದು ನಿಂತಿತು. ಮಾನಿಟರ್ ಆನ್ ಇಟ್ಟುಕೊಂಡು, ಎಕ್ಸ್‌ಪೋರ್ಟ್ ನಡೆಯುವಾಗಲೇ ಮೈನ್ ಆಫ್ ಮಾಡಿ ನೋಡಿದೆ, ಬ್ಯಾಟರಿಯಲ್ಲಿ ನಿಂತಿತು. ಸೇವ್ ಮಾಡಿ ಶಟ್‌ಡೌನ್ ಮಾಡುವಷ್ಟು ಹೊತ್ತು ಸಿಗುತ್ತದೆ.

ಭದ್ರಾವತಿ_ಬಾಯ್:
ಗುರು, ಆ ಹಳೇ ಎಸ್‌ಎಂಪಿಎಸ್ ಏನು ಮಾಡುತ್ತೀಯ? ನನ್ನ ಅಮ್ಮನ ಬಿಲ್ಲಿಂಗ್ ಪಿಸಿಯದ್ದು ಸತ್ತಿದೆ. ಐ3, ಕಾರ್ಡ್ ಗೀರ್ಡ್ ಏನಿಲ್ಲ.

ದುರ್ಗಿಗುಡಿ_ರಿಪೇರಿ:
ಕಾರ್ಡ್ ಇಲ್ಲದ ಐ3ಗೆ 18 ಆಂಪ್ ಧಾರಾಳ, ತಗೊಂಡು ಹೋಗು. ಕೆಂಪು ಸ್ವಿಚ್ ಮೇಲೆ ಟೇಪ್ ಹಾಕೋದು ಮರೆಯಬೇಡ.